ಪೋಸ್ಟ್‌ಡಾಕ್ ಬೇಡ ಅಂದ ಮಗಳಿಗೆ

ಪಾವಗಡ

ಪ್ರೀತಿಯ ಪುಟ್ಟಿ,

ಫಿಸಿಕ್ಸ್ ಪಿಎಚ್.ಡಿ. ಆದ ಮೇಲೆ ಪೋಸ್ಟ್‌ಡಾಕ್, ಅಂದರೆ ಮತ್ತೆ ಕೆಲವು ವರ್ಷದ ಸಂಶೋಧನೆ, ಬೇಡ ಅನ್ನಿಸ್ತಿದೆ, ಹಾಗಾದರೆ ಇಷ್ಟು ವರ್ಷ ಓದಿದ್ದು ದಂಡವಾ ಅಂತ ನೀನು ಕೇಳಿದೆ. ಫೋನಿನಲ್ಲಿ ಅಪ್ಪ ಪಕ್ಕದಲ್ಲೇ ಇದ್ದರು, ಬಿಡಿಸಿ ಮಾತಾಡಲು ಆಗಲಿಲ್ಲ. ಅದಕ್ಕೇ ಈ ಕಾಗದ.

ದಂಡ ಅಲ್ಲ. ನಿನ್ನ ಸಮಾಧಾನಕ್ಕೆ ಸುಮ್ನೆ ಹೇಳುತ್ತಿಲ್ಲ. ತಿರುಮಣಿ ಕಡೆಯ ನಮ್ಮ ಕಡಲೆಕಾಯಿ ಹೊಲ ಈಗ ಸೋಲಾರ್ ಪಾರ್ಕಿನೊಳಗೆ ಸೇರಿದೆಯಲ್ಲ. ಸುಮಾರು 13,000 ಎಕರೆ, 2,050 ಮೆಗಾವಾಟ್. ಬಂದವರೆಲ್ಲ ಪ್ಯಾನೆಲ್ ನೋಡುತ್ತಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ನನ್ನ ಕಣ್ಣು ಹೋಗುವುದು ಪಕ್ಕದ ಪೈರನೋಮೀಟರ್ ಮೇಲೆ. ಗಾಜಿನ ಗುಮ್ಮಟದ ಆ ಸಣ್ಣ ಉಪಕರಣ ಬಿಸಿಲು ಅಳೆಯುತ್ತದೆ. ಪ್ಯಾನೆಲ್ ಮೇಲೆ ಬರೆದಿರುವ ವಾಟ್ ಲೆಕ್ಕ ಚದರ ಮೀಟರಿಗೆ 1,000 ವಾಟ್ ಬಿಸಿಲು ಬಿದ್ದು, ಅದರೊಳಗಿನ ಸೆಲ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದಾಗಿನದು. ನಮ್ಮೂರಿನ ಏಪ್ರಿಲ್ ಮಧ್ಯಾಹ್ನ ಯಾವ ಸೆಲ್ 25 ಡಿಗ್ರಿಯಲ್ಲಿರುತ್ತದೆ ಹೇಳು! ಅದಕ್ಕಿಂತ ಕಾದ ಒಂದೊಂದು ಡಿಗ್ರಿಗೂ ಸಿಲಿಕಾನ್ ಪ್ಯಾನೆಲ್‌ನ ಶಕ್ತಿ ಶೇಕಡಾ 0.3ರಿಂದ 0.4ರಷ್ಟು ಇಳಿಯುತ್ತದೆ. ಅದರ ಮೇಲೆ ಧೂಳು ಬೇರೆ. ಇವತ್ತು ಕರೆಂಟು ಕಡಿಮೆ ಬಂದಿದ್ದು ಮೋಡದಿಂದಲೋ, ಧೂಳಿನಿಂದಲೋ, ಸೆಲ್ ಕೆಟ್ಟಿದ್ದರಿಂದಲೋ ಅಂತ ಬೇರ್ಪಡಿಸಲು ಒಬ್ಬರು ಬೇಕು. ಲ್ಯಾಬಿನಲ್ಲಿ ಬೇಕಾದ ಅಳತೆಗೆ ಸಿಗ್ನಲ್, ಅದಕ್ಕೆ ಬೆರೆತ ಗದ್ದಲಕ್ಕೆ ನಾಯ್ಸ್ ಅಂತೀಯಲ್ಲ, ಅವನ್ನು ಬೇರ್ಪಡಿಸೋ ಅದೇ ಕೆಲಸ.

ಆದರೆ ಆ ಕುರ್ಚಿಗೆ ಫಿಸಿಸಿಸ್ಟ್ ಅನ್ನೋ ಹೆಸರಿರುವುದಿಲ್ಲ. ಪರ್ಫಾರ್ಮೆನ್ಸ್ ಅನಲಿಸ್ಟ್ ಅಂತಲೋ, ಪ್ರೊಸೆಸ್ ಎಂಜಿನಿಯರ್ ಅಂತಲೋ ಇರುತ್ತದೆ. ಫಿಸಿಕ್ಸ್ ಅಂತ ಹುಡುಕಿದರೆ ಕಾಲೇಜುಗಳೇ ಜಾಸ್ತಿ ಸಿಗುತ್ತವೆ. ಹುದ್ದೆಯ ಹೆಸರು ಬಿಡು, ಕೆಳಗೆ ಕೆಲಸದ ವಿವರ ಓದು.

ಅನ್ನಾ ಮಣಿ ನೆನಪಿದ್ದಾರಲ್ವಾ? ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಹತ್ತಿರ ವಜ್ರ, ಮಾಣಿಕ್ಯದ ಬೆಳಕಿನ ಮೇಲೆ ಕೆಲಸ ಮಾಡಿದವರು. ಎಂ.ಎಸ್‌ಸಿ. ಇಲ್ಲ ಅಂತ ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಪಿಎಚ್.ಡಿ. ಕೊಡಲಿಲ್ಲ. 1948ರಲ್ಲಿ ಹವಾಮಾನ ಇಲಾಖೆ ಸೇರಿದರು. ಹೊರಗಿನಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲೇ ಮಾಡಿಸಿದರು, ದೇಶದಲ್ಲಿ ಬಿಸಿಲು ಅಳೆಯುವ ಕೇಂದ್ರಗಳ ಜಾಲ ಕಟ್ಟಿದರು. 1957ರ ಸುಮಾರಿನ ಮಾತು, ಸೋಲಾರ್ ಪಾರ್ಕ್ ಅನ್ನೋದು ಯಾರ ತಲೆಯಲ್ಲೂ ಇಲ್ಲದ ಕಾಲ. ಅವರು ಫಿಸಿಕ್ಸ್ ಬಿಟ್ಟರು ಅಂತ ಯಾರಾದರೂ ಅಂದರೆ ನಾನು ಜಗಳಕ್ಕೇ ಹೋಗುತ್ತೇನೆ.

ಇನ್ನು ನಿನ್ನ ವಿಷಯ. ಗಾಳಿ ತೆಗೆದ ಪೆಟ್ಟಿಗೆ, ಆ ವ್ಯಾಕ್ಯೂಮ್ ಚೇಂಬರಿನಲ್ಲಿ ಲೀಕ್ ಹುಡುಕುತ್ತಾ ರಾತ್ರಿಯೆಲ್ಲ ಕೂತೆ ಅಂತ ಗೋಳು ಹೇಳಿಕೊಳ್ಳುತ್ತಿದ್ದೆಯಲ್ಲ, ರೆಸ್ಯೂಮೆಯಲ್ಲಿ ಅದನ್ನೇ ಮೊದಲು ಹಾಕು. ಚಿಪ್ ಮಾಡುವಾಗ ನಿನ್ನ ಹಾಗೇ ವ್ಯಾಕ್ಯೂಮಿನಲ್ಲಿ ತೆಳು ಪದರ ಕೂರಿಸುತ್ತಾರೆ. ಆ ಯಂತ್ರಗಳನ್ನು ಮಾಡುವ ಅಪ್ಲೈಡ್ ಮೆಟೀರಿಯಲ್ಸ್, ಲ್ಯಾಮ್ ರಿಸರ್ಚ್ ಬೆಂಗಳೂರಿನಲ್ಲೇ ಇವೆ. ಲೆನ್ಸಿಗೆ ಕೋಟಿಂಗ್ ಹಾಕುವವರಿಗೂ ಇದೇ ಕೈಚಳಕ ಬೇಕು. ನನ್ನನ್ನು ಕೇಳಿದರೆ ಮೊದಲು ಈ ಬಾಗಿಲು ತಟ್ಟು.

ಆಸ್ಪತ್ರೆ ಕೆಲಸ ಅಂದಿದ್ದೆ. ಕ್ಯಾನ್ಸರ್ ರೋಗಿಗೆ ಎಷ್ಟು ವಿಕಿರಣ, ಯಾವ ಕೋನದಿಂದ ಅಂತ ಲೆಕ್ಕ ಹಾಕುವ ಮೆಡಿಕಲ್ ಫಿಸಿಸಿಸ್ಟ್ ಕೆಲಸ ನನಗೂ ಬಹಳ ಇಷ್ಟ. ಆದರೆ ಪಿಎಚ್.ಡಿ. ಒಂದೇ ಸಾಲದು. ಎಂ.ಎಸ್‌ಸಿ. ಆದ ಮೇಲೆ ರೇಡಿಯಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾ ಬೇಕು, ಭಾಭಾ ಪರಮಾಣು ಸಂಶೋಧನಾ ಕೇಂದ್ರ ನಡೆಸುತ್ತದಲ್ಲ, ಅಂಥದ್ದು. ಮತ್ತೆ ಪ್ರವೇಶ ಪರೀಕ್ಷೆ, ಮತ್ತೆ ಹಾಸ್ಟೆಲ್. ಯೋಚಿಸು. ಹೊಸ ಆವಿಷ್ಕಾರಗಳ ಹಕ್ಕಿಗೆ ಅರ್ಜಿ ಬರೆದುಕೊಡುವ ಪೇಟೆಂಟ್ ಏಜೆಂಟ್ ಆಗುವ ಪರೀಕ್ಷೆಗೆ ಸೈನ್ಸ್ ಡಿಗ್ರಿ ಸಾಕು, ಆದರೆ ಇಡೀ ದಿನ ಕಾಗದ ಓದಿಕೊಂಡು ಕೂರುವವಳಲ್ಲ ನೀನು.

ಡೇಟಾ ಸೈನ್ಸ್‌ಗೆ ಹೋಗು ಅಂತ ನಿನ್ನ ಚಿಕ್ಕಪ್ಪ ಹೇಳುತ್ತಲೇ ಇದ್ದಾನೆ. ಸಂಬಳ ಚೆನ್ನಾಗಿರುತ್ತದೆ, ನಿನಗೆ ಪೈಥಾನ್ ಪ್ರೋಗ್ರಾಮಿಂಗ್ ಬರುತ್ತದೆ, ತಪ್ಪೇನಿಲ್ಲ. ಆದರೆ ಕೈಯಲ್ಲಿ ಸ್ಪ್ಯಾನರ್ ಇಲ್ಲದಿದ್ದರೆ ನಿನಗೆ ಒಂದು ವಾರಕ್ಕೇ ಬೇಜಾರು ಬರುತ್ತದೆ. ಬ್ಯಾಂಕಿನವರಿಗೆ ಸಾಲದ ಲೆಕ್ಕ ಮಾಡಿಕೊಡುವುದು ಇಷ್ಟವಾಗುತ್ತಾ ಅಂತ ನಿನ್ನನ್ನೇ ಕೇಳಿಕೋ.

ಥೀಸಿಸ್ ಮಾತ್ರ ಮುಗಿಸು. ಹೊಲದ ಗುತ್ತಿಗೆ ಹಣ ವರ್ಷ ವರ್ಷ ಬರುತ್ತಿದೆ, ಹಾಗಾಗಿ ಮೊದಲು ಸಿಕ್ಕ ಕೆಲಸಕ್ಕೇ ಹಾರಬೇಕಿಲ್ಲ. ಲೆಕ್ಚರರ್ ಯಾವಾಗ ಆಗ್ತಾಳೆ ಅಂತ ಕೇಳುವವರನ್ನು ನಾನು ನೋಡಿಕೊಳ್ಳುತ್ತೇನೆ, ಅಪ್ಪನನ್ನೂ ಸೇರಿಸಿ. ರೆಸ್ಯೂಮೆ ಬರೆದು ಭಾನುವಾರದೊಳಗೆ ಕಳಿಸು. ನಿನ್ನ ಸಂಶೋಧನಾ ಪೇಪರುಗಳ ಪಟ್ಟಿ ಎರಡನೇ ಪುಟಕ್ಕಿರಲಿ.

ನಿನ್ನ
ಅಮ್ಮ