ಕರಿಬೇವಿನ ಹುಳಕ್ಕೆ ಎಣ್ಣೆ ಹೊಡೆಯಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಪಾರ್ಕಿನ ಗೋಡೆ ಮೇಲೆ ಹೋದ ತಿಂಗಳು ದೊಡ್ಡದೊಂದು ಚಿಟ್ಟೆ ಬರೆಸಿದ್ದಾರೆ. ಕಪ್ಪು ಹಳದಿ ರೆಕ್ಕೆಯ ಸದರ್ನ್ ಬರ್ಡ್‌ವಿಂಗ್, ನಮ್ಮ ರಾಜ್ಯದ ಚಿಟ್ಟೆ. ಚೆನ್ನಾಗೇ ಬಂದಿದೆ. ಅದೇ ವಾರ ಅದೇ ಗೋಡೆಯ ಒಳಗೆ ನಿಂಬೆಗೂ ಕರಿಬೇವಿಗೂ ಎಣ್ಣೆ ಹೊಡೆದರು. ಯಾಕೆ ಅಂತ ಕೇಳಿದರೆ "ಎಲೆ ತುಂಬಾ ಹುಳ ಸಾರ್" ಅಂದರು. ಆ ಹುಳಾನೇ ಚಿಟ್ಟೆ ಆಗೋದು ಅಂತ ನಾನು ಹೇಳಿ ಮುಗಿಸುವಷ್ಟರಲ್ಲಿ ಕ್ಯಾನ್ ಖಾಲಿ.

ಬರ್ಡ್‌ವಿಂಗ್ ನೋಡಬೇಕಂದ್ರೆ ಮಲೆನಾಡಿಗೆ ಹೋಗಬೇಕು. ಪಶ್ಚಿಮ ಘಟ್ಟದಲ್ಲಿ ಅದರ ಮನೆತನದ, ಅಂದರೆ ಸ್ವಾಲೋಟೇಲ್ ಅನ್ನೋ ಚಿಟ್ಟೆ ಕುಟುಂಬದ 19 ಜಾತಿ ಇವೆ. ಬಯಲುಸೀಮೆಯಲ್ಲಿ ಅಷ್ಟಿಲ್ಲ, ನಿಜ. ಆದರೆ ಇರುವವನ್ನಾದರೂ ನೋಡಿದ್ದೀವಾ? ನಿಂಬೆ ಗಿಡದ ಲೈಮ್ ಚಿಟ್ಟೆ, ಅಶೋಕ ಮರ ಸೀತಾಫಲದ ಸುತ್ತ ಒಂದು ಗಳಿಗೆ ನಿಲ್ಲದೆ ಹಾರುವ ಹಸಿರು ಚುಕ್ಕೆಯ ಟೇಲ್ಡ್ ಜೇ, ಚಿತ್ರದುರ್ಗದ ಚಂದ್ರವಳ್ಳಿ ಕಡೆ ಹೋದಾಗ ನನಗೆ ಕಂಡ ಕ್ರಿಮ್ಸನ್ ರೋಸ್. (ಸ್ವಾಲೋ ಅಂದರೆ ಕವಲುತೋಕೆ ಹಕ್ಕಿ. ಲೈಮ್ ಚಿಟ್ಟೆಗೆ ಬಾಲವೇ ಇಲ್ಲ, ಆದರೂ ಅದೇ ಮನೆತನ!)

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಕಾಮನ್ ಮಾರ್ಮನ್. ಅದರ ಹೆಣ್ಣಿಗೆ ಮೂರು ವೇಷ. ಒಂದು ಗಂಡಿನ ಹಾಗೇ ಇರುತ್ತೆ, ಒಂದು ಕಾಮನ್ ರೋಸ್ ಥರ, ಇನ್ನೊಂದು ಕ್ರಿಮ್ಸನ್ ರೋಸ್ ಥರ. ಈ ರೋಸ್ ಚಿಟ್ಟೆಗಳು ಹುಳವಾಗಿದ್ದಾಗ ಈಶ್ವರಿ ಬಳ್ಳಿ ತಿಂದು ಮೈಯಲ್ಲಿ ವಿಷ ಇಟ್ಟುಕೊಂಡಿರುತ್ತವೆ, ಹಕ್ಕಿಗಳು ಒಂದು ಸಲ ರುಚಿ ನೋಡಿದರೆ ಮತ್ತೆ ಆ ಕಡೆ ತಿರುಗಲ್ಲ. ಮಾರ್ಮನ್ ಬೆಳೆಯೋದು ಕರಿಬೇವು ನಿಂಬೆ ತಿಂದು, ಅದಕ್ಕೆ ವಿಷ ಇಲ್ಲ, ಬರೀ ವೇಷ. ಗುರುತು ಸುಲಭ: ಮೈ ಕೆಂಪಿದ್ದರೆ ರೋಸ್, ಕಪ್ಪಿದ್ದರೆ ಮಾರ್ಮನ್. ಈಗ ನಾವು ಬೇಲಿಯ ಈಶ್ವರಿ ಬಳ್ಳಿಯನ್ನು ಕಳೆ ಅಂತ ಕಿತ್ತು ಹಾಕಿದರೆ ರೋಸ್ ಹೋಗುತ್ತೆ, ಅದರ ಹಿಂದೆ ಮಾರ್ಮನ್ನಿನ ವೇಷಕ್ಕೂ ಬೆಲೆ ಇರಲ್ಲ. ಹಕ್ಕಿಗೆ ಹೆದರಿಕೆ ಹುಟ್ಟಿಸೋದಕ್ಕೆ ಅಸಲಿ ಚಿಟ್ಟೆ ಇರಬೇಕಲ್ವಾ?

ಹುಳ ಅಂದ ತಕ್ಷಣ ಹೇಸಿಗೆ ಪಡೋರು ಒಂದು ಸಲ ಹತ್ತಿರ ಕೂತು ನೋಡಿ. ಮರಿ ಇದ್ದಾಗ ಥೇಟ್ ಹಕ್ಕಿ ಹಿಕ್ಕೆ. ದೊಡ್ಡದಾದಾಗ ಎಲೆ ಬಣ್ಣ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪಗೆ ಕವಲುಕೋಡು ಹೊರಗೆ ಬಂದು ಗಬ್ಬು ವಾಸನೆ ಬಿಡುತ್ತೆ. ಅಷ್ಟೇ, ಕಚ್ಚಲ್ಲ, ಕಂಬಳಿಹುಳದ ಥರ ತುರಿಸೋದೂ ಇಲ್ಲ. ಎಲೆ ಬೋಳಾದರೂ ದೊಡ್ಡ ಕರಿಬೇವು ಮತ್ತೆ ಚಿಗುರುತ್ತೆ. ಅಲ್ಲದೆ ಸುಮ್ನೆ ಯೋಚನೆ ಮಾಡಿ, ಎಣ್ಣೆ ಹೊಡೆದ ಆ ಸೊಪ್ಪನ್ನೇ ಯಾರೋ ಕಿತ್ಕೊಂಡು ಹೋಗಿ ಮಂಡಕ್ಕಿ ಒಗ್ಗರಣೆಗೆ ಹಾಕ್ತಾರೆ.

ಪಾರ್ಕ್ ನೋಡಿಕೊಳ್ಳುವವರನ್ನು ಕೇಳೋದು ಇಷ್ಟೇ. ನಿಂಬೆ, ಕರಿಬೇವಿಗೆ ಎಣ್ಣೆ ಬೇಡ. ಒಂದು ಬಿಲ್ವಪತ್ರೆ ಸಸಿ ನೆಡಿ, ಬೇಲಿಗೆ ಈಶ್ವರಿ ಬಳ್ಳಿ ಹಬ್ಬಿಸಿ. ಗೋಡೆಯಲ್ಲಿ ಇನ್ನೂ ಜಾಗ ಇದೆ, ಮಾರ್ಮನ್ ಬರೆಸೋದಿದ್ದರೆ ಪೇಂಟರನ್ನು ನಮ್ಮನೆಗೆ ಕಳಿಸಿ. ಹಿತ್ತಲ ಕರಿಬೇವಿನ ರೆಂಬೆಗೆ ನೂಲು ಕಟ್ಟಿಕೊಂಡು ಮೂರು ಗೂಡು ಕೂತಿವೆ.

– ಒಬ್ಬ ಓದುಗ, ದಾವಣಗೆರೆ