ಗೆಳೆಯನಿಗೊಂದು ಪತ್ರ: ಸಾಲಿನಲ್ಲಿ ಇಲ್ಲದವರು

ಪ್ರೀತಿಯ ಗೆಳೆಯಾ,

ನಿನಗೊಬ್ಬನಿಗೇ ಬರೆಯಬೇಕೆಂದಿದ್ದ ಪತ್ರವನ್ನು ಬಯಲಿನಲ್ಲಿ ಬರೆಯುತ್ತಿದ್ದೇನೆ. ಓದುವ ಉಳಿದವರು ಛತ್ರಿಯ ಪ್ರಸಂಗ ಕೇಳಬಾರದು, ನೀನೂ ಹೇಳಬಾರದು.

"ನಿಮ್ಮ ಕಂಪನಿಗಳಲ್ಲಿ ಮೇಲಿನವರಿಗೂ ಕೆಳಗಿನವರಿಗೂ ಸಂಬಳದಲ್ಲಿ ಎಷ್ಟು ಅಂತರ?" ಎಂದು ಫೋನಿನಲ್ಲಿ ಕೇಳಿದೆಯಲ್ಲ, ಆಗ ಮಾತು ತೇಲಿಸಿಬಿಟ್ಟೆ. ಆಮೇಲೆ ಕೂತು ಹುಡುಕಿದೆ. ಷೇರುಪೇಟೆಯಲ್ಲಿರುವ ಪ್ರತಿ ಕಂಪನಿಯೂ ಇದನ್ನು ವರ್ಷಕ್ಕೊಮ್ಮೆ ತಿಳಿಸಬೇಕೆಂದು 2013ರ ಕಂಪನಿ ಕಾಯ್ದೆಯ 197ನೇ ಸೆಕ್ಷನ್ ಹೇಳುತ್ತದೆ. ನೌಕರರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವವರ ಸಂಬಳದ ಎಷ್ಟು ಪಟ್ಟು ನಿರ್ದೇಶಕರಿಗೆ ಸಲ್ಲುತ್ತದೆ ಎಂಬ ಲೆಕ್ಕ ಅದು. ನಮ್ಮ ಬೆಂಗಳೂರಿನ ಇನ್ಫೊಸಿಸ್‌ನಲ್ಲಿ 2024–25ರಲ್ಲಿ ಸಿಇಒ ಸಲೀಲ್ ಪಾರೇಖ್ ಅವರಿಗೆ ಸಂದದ್ದು 80.62 ಕೋಟಿ ರೂಪಾಯಿ. ಹೆಚ್ಚಿನ ಪಾಲು ಷೇರುಗಳ ರೂಪದ್ದು, ನಿಜ. ಆದರೂ 752 ಪಟ್ಟು! ಅಂದರೆ ಹಣಕಾಸು ವರ್ಷದ ಮೊದಲ ದಿನ, ಏಪ್ರಿಲ್ 1ರ ಮಧ್ಯಾಹ್ನ 12 ಹೊಡೆಯುವ ಮೊದಲೇ ನಡುವಿನವರ ಇಡೀ ವರ್ಷದ ಗಳಿಕೆಯಷ್ಟು ಅವರ ಲೆಕ್ಕಕ್ಕೆ ಸೇರಿಬಿಡುತ್ತದೆ. ಬಹುಪಾಲು ನೌಕರರಿಗೆ ಶೇ 6ರಿಂದ 8ರಷ್ಟು ಕೊಟ್ಟು ಮೇಲಿನ ಒಬ್ಬರಿಗೆ ಶೇ 60–70ರಷ್ಟು ಏರಿಸುವುದು ಸರಿಯಲ್ಲವೆಂದು 2017ರಲ್ಲಿ ಅದೇ ಸಂಸ್ಥೆಯ ನಾರಾಯಣಮೂರ್ತಿಯವರೇ ಬಹಿರಂಗವಾಗಿ ಹೇಳಿದ್ದರು.

ಇವೆಲ್ಲ ಸುದ್ದಿಯಾದ ಅಂಕಿಗಳು. ನನ್ನ ನಿದ್ದೆ ಕೆಡಿಸಿದ್ದು ಆ ಸಾಲು. ಅಲ್ಲಿ ನಿಲ್ಲುವವರು ಕಂಪನಿಯ ಪಟ್ಟಿಯಲ್ಲಿ ಹೆಸರಿರುವವರು ಮಾತ್ರ. ಶೌಚಾಲಯ ತೊಳೆಯುವವರು, ಗೇಟಿನ ಕಾವಲುಗಾರರು, ಕ್ಯಾಬ್ ಚಾಲಕರು ಗುತ್ತಿಗೆದಾರರ ಕಡೆಯವರಾದರೆ ಸಾಲಿನಲ್ಲೇ ಇಲ್ಲ. ಅವರನ್ನೂ ಸೇರಿಸಿದರೆ ನಡು ಎಲ್ಲಿಗೆ ಜಾರೀತು?

ನನ್ನ ಕಚೇರಿಯ ಮಾತಿಗೆ ಬರುತ್ತೇನೆ. ನಮ್ಮ ಮಹಡಿ ಗುಡಿಸುವ ಅಕ್ಕ ಮಾರ್ಚ್‌ನಲ್ಲಿ ನನ್ನ ಕೋಣೆಯ ಗಾಜಿನ ಬಾಗಿಲ ಹೊರಗೇ ನಿಂತು, "ಸರ್, ಈ ವರ್ಷ ನಮಗೂ ಏನಾದರೂ ಹೆಚ್ಚಾಗುತ್ತದೆಯೇ?" ಎಂದು ಕೇಳಿದರು. "ಏಜೆನ್ಸಿಯವರನ್ನು ಕೇಳಿ" ಎಂದೆ. ಬಂದಿದ್ದ ಮೂರು ದರಪಟ್ಟಿಗಳಲ್ಲಿ ಎಲ್ಲಕ್ಕಿಂತ ಕಡಿಮೆಯದನ್ನು ಆರಿಸಿ ಸಹಿ ಹಾಕಿದವನು ನಾನು. ಆ ಉಳಿತಾಯಕ್ಕೆ ನನ್ನ ಬೋನಸ್ ಪತ್ರದಲ್ಲಿ ಒಂದು ಸಾಲಿನ ಮೆಚ್ಚುಗೆಯಿದೆ. ಮನೆಯಲ್ಲೂ ಇದನ್ನು ಹೇಳಿಲ್ಲ. ಮಿಲ್ಲಿನ ಸಾಹೇಬರ ಕೋಣೆಯ ಹೊರಗೆ ಚಪ್ಪಲಿ ಕಳಚಿ ನಿಲ್ಲುತ್ತಿದ್ದರೆಂದು ನಿಮ್ಮಪ್ಪನ ಬಗ್ಗೆ ನೀನು ಹೇಳಿದ ರಾತ್ರಿ, ದಾವಣಗೆರೆಯ ಹಾಸ್ಟೆಲಿನಲ್ಲಿ ನಿನಗಿಂತ ಹೆಚ್ಚು ಕುದಿದವನೂ ನಾನೇ. ನೆನಪಿದೆಯೇ?

ಸಾಕು. ಇಷ್ಟೆಲ್ಲ ಬರೆಯಬೇಕೆಂದಿರಲಿಲ್ಲ.

ಗಣೇಶನ ಹಬ್ಬಕ್ಕೆ ಊರಿಗೆ ಬರುತ್ತೇನೆ. ಬೆಣ್ಣೆ ದೋಸೆ ನಿನ್ನ ಲೆಕ್ಕ, ಖಾಲಿ ದೋಸೆ ನನ್ನದು. ಮಳೆ ಬಂದರೆ ಇಬ್ಬರೂ ನೆನೆಯೋಣ; ಛತ್ರಿ ಮಾತ್ರ ತರಬೇಡ.

ಇಂತು ನಿನ್ನವ