ಎದುರಾಳಿಯ ನಂಬಿಕೆಯನ್ನು ನೀವೇ ತೀರ್ಮಾನಿಸಬೇಡಿ

ಮಾನ್ಯ ಸಂಪಾದಕರೇ,

ಶಾಲಾ ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಮೂಢನಂಬಿಕೆ, ಆಹಾರ, ಏಕರೂಪ ನಾಗರಿಕ ಸಂಹಿತೆಯಂಥ ವಿಷಯ ಬಂದರೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: 'ನಿಮ್ಮ ಧರ್ಮದಲ್ಲಿ ಹೀಗಿದೆಯಲ್ಲ, ಮೊದಲು ಅದಕ್ಕೆ ಉತ್ತರ ಕೊಡಿ.' ಹೀಗೆ ಕೇಳುವವರಿಗೆ ಎದುರಾಳಿಯ ಬಗ್ಗೆ ಗೊತ್ತಿರುವುದು ಹೆಸರು ಮತ್ತು ಉಡುಪು, ಅಷ್ಟೇ. ಪರ-ವಿರೋಧವನ್ನು ಚೀಟಿ ಎತ್ತಿ ಹಂಚುವ ಸ್ಪರ್ಧೆಯಲ್ಲಿ ಆಡಿದ ವಾದವೇ ಸ್ವಂತ ಅಭಿಪ್ರಾಯ ಆಗಿರಬೇಕೆಂದಿಲ್ಲ. ಇನ್ನು ಮನಸ್ಸಿನೊಳಗಿನ ನಂಬಿಕೆಯನ್ನು ಎಲ್ಲಿಂದ ಓದುವುದು?

ಹೆಸರು ನೋಡಿ ಊಹಿಸಿದರೆ ನಮ್ಮ ನಾಡಿನಲ್ಲಂತೂ ತಪ್ಪುವುದು ಖಂಡಿತ. ಧರ್ಮಸ್ಥಳದ ಮಂಜುನಾಥ ಶಿವ, ಪೂಜಿಸುವ ಅರ್ಚಕರು ವೈಷ್ಣವರಾದ ಮಾಧ್ವರು, ಧರ್ಮಾಧಿಕಾರಿಗಳ ಮನೆತನ ಜೈನರದು. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಮೊಹರಂ ಅಲಾಯಿ ದೇವರನ್ನು ಹಿಂದೂಗಳೇ ಹೊರುತ್ತಾರೆ. ಅತ್ತ ದರ್ಗಾದ ಉರುಸ್ ಅನ್ನು ಒಪ್ಪದ ಮುಸ್ಲಿಮರೂ ಇದ್ದಾರೆ. ಅವರನ್ನು ಹಿಡಿದು 'ಗೋರಿಗೆ ಹರಕೆ ಏಕೆ' ಎಂದು ಕೇಳಿದರೆ ಏನು ಹೇಳಬೇಕು? ಮಂಗಳೂರಿನ ಕಥೊಲಿಕರು ಸೆಪ್ಟೆಂಬರ್ 8ರಂದು ಮೇರಿಯ ಜನ್ಮದಿನವಾಗಿ ಮೊಂತಿ ಹಬ್ಬ ಆಚರಿಸುತ್ತಾರೆ. ಅದೇ ಊರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಪರಂಪರೆಯ ಪ್ರೊಟೆಸ್ಟೆಂಟರಲ್ಲಿ ಮೇರಿಯ ಆರಾಧನೆಯೇ ಇಲ್ಲ. 2011ರ ಜನಗಣತಿಯಲ್ಲಿ ತಮ್ಮ ಧರ್ಮವನ್ನು ತಿಳಿಸದವರೇ ದೇಶದಲ್ಲಿ 28 ಲಕ್ಷಕ್ಕೂ ಹೆಚ್ಚು.

ಇದಕ್ಕಿಂತ ಹೆಚ್ಚು ಎಡವುವುದು 'ಆಸ್ತಿಕ', 'ನಾಸ್ತಿಕ' ಎಂಬ ಪದಗಳಲ್ಲಿ. ಇಂದಿನ ಬಳಕೆಯಲ್ಲಿ ಇವು ದೇವರನ್ನು ನಂಬುವವರು, ನಂಬದವರು. ದರ್ಶನಶಾಸ್ತ್ರದಲ್ಲಿ ಲೆಕ್ಕಕ್ಕೆ ಬರುವುದು ವೇದದ ಪ್ರಾಮಾಣ್ಯ, ಅಂದರೆ ವೇದವನ್ನು ಪ್ರಮಾಣವೆಂದು ಒಪ್ಪುತ್ತಾರೋ ಇಲ್ಲವೋ ಎಂಬುದು. ಹಾಗಾಗಿ ವೇದವನ್ನು ಒಪ್ಪಿ, ಸೃಷ್ಟಿಕರ್ತ ಈಶ್ವರನನ್ನು ಒಪ್ಪದ ಮೀಮಾಂಸಾ ದರ್ಶನದವರು ಅಲ್ಲಿ ಆಸ್ತಿಕರು. ಬಸದಿಯಲ್ಲಿ ತೀರ್ಥಂಕರರನ್ನು ನಿತ್ಯ ಪೂಜಿಸುವ ಜೈನರು ನಾಸ್ತಿಕರು! ಒಬ್ಬರು ಒಂದು ಅರ್ಥದಲ್ಲಿ 'ನಾನು ನಾಸ್ತಿಕ' ಎಂದರೆ ಇನ್ನೊಬ್ಬರು ಮತ್ತೊಂದು ಅರ್ಥ ಹಿಡಿದು ಖಂಡಿಸಲು ಹೊರಡುತ್ತಾರೆ. ಇಂಥ ಪದ ಬಂದ ಕೂಡಲೇ 'ಯಾವ ಅರ್ಥದಲ್ಲಿ ಹೇಳಿದಿರಿ' ಎಂದು ಕೇಳಬೇಕು. ಅದಕ್ಕೆ ಹಿಡಿಯುವುದು ಹತ್ತು ಸೆಕೆಂಡು.

ಊಹೆಯಿಂದ ಆಗುವ ನಷ್ಟ ದೊಡ್ಡದು. ನಾಲ್ಕು ನಿಮಿಷದ ಸರದಿಯಲ್ಲಿ 'ನಾನು ಹಾಗೆ ನಂಬುವವನಲ್ಲ' ಎಂದು ವಿವರಿಸಲು ಒಂದು ನಿಮಿಷ ಹೋದರೆ ಮೂಲ ವಾದಕ್ಕೆ ಉಳಿಯುವುದು ಮೂರೇ. ಸುಮ್ಮನಿದ್ದರೆ ಸಭೆ ಅದನ್ನೇ ಒಪ್ಪಿಗೆ ಎಂದುಕೊಳ್ಳುತ್ತದೆ. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ತನ್ನ ಸಮುದಾಯದ ಪರವಾಗಿ ಎಲ್ಲರೆದುರು ಜವಾಬು ಕೊಡಬೇಕಾಗಿ ಬರುವುದು ಅನ್ಯಾಯ.

ಧರ್ಮಗ್ರಂಥವನ್ನಾಗಲಿ ಆಚರಣೆಯನ್ನಾಗಲಿ ಟೀಕಿಸಲೇಬಾರದು ಎಂದು ಇದರ ಅರ್ಥವಲ್ಲ. ಯಾವ ಗ್ರಂಥ, ಯಾವ ಪಂಥ, ಯಾವ ಕಾಲದ ಆಚರಣೆ ಎಂದು ಬಿಡಿಸಿ ಹೇಳಿ ಟೀಕಿಸಲಿ. ಎದುರಾಳಿ ತಾನಾಗಿ ತನ್ನ ನಂಬಿಕೆಯನ್ನೇ ಆಧಾರವಾಗಿ ಮುಂದಿಟ್ಟರೆ ಪ್ರಶ್ನಿಸುವುದೂ ಸರಿ. ಆಗಲೂ ವಾಕ್ಯ ಶುರುವಾಗಬೇಕಾದದ್ದು 'ನೀವು ಈಗ ಹೇಳಿದಿರಿ' ಎಂದು. 'ನೀವು ನಂಬುತ್ತೀರಿ' ಎಂದಲ್ಲ.

ಪ್ರತಿಭಾ ಕಾರಂಜಿಯ ಚರ್ಚಾಸ್ಪರ್ಧೆಯಿಂದಲೇ ಇದು ಆರಂಭವಾಗಲಿ. ಎದುರಾಳಿಯ ಧರ್ಮವನ್ನಾಗಲಿ ಜಾತಿಯನ್ನಾಗಲಿ ವಾದಕ್ಕೆ ಎಳೆಯಬಾರದೆಂದು ಚೀಟಿ ಎತ್ತುವ ಮೊದಲೇ ನಿರ್ವಾಹಕರು ಹೇಳಿಬಿಡಲಿ. ಆದರೂ ಎಳೆದರೆ ಗಡಿಯಾರ ನಿಲ್ಲಿಸಿ ಆ ವಾಕ್ಯ ಹಿಂಪಡೆಯಲು ಹೇಳಲಿ, ಕಳೆದ ಸಮಯವನ್ನು ಎದುರಾಳಿಗೆ ಕೊಡಲಿ. ಎರಡನೇ ಸಲವೂ ಎಳೆದರೆ ಖಂಡನೆಗಿರುವ ಹತ್ತು ಅಂಕಗಳಲ್ಲಿ ಎರಡನ್ನು ಕಳೆಯಲಿ. ಚಪ್ಪಾಳೆ ಜೋರಾಗಿ ಬಿತ್ತೆಂದು ತೀರ್ಪುಗಾರರು ಇಂಥ ಮಾತಿಗೆ ಅಂಕ ಕೊಡುವುದು ಮೊದಲು ನಿಲ್ಲಬೇಕು.

– ಚರ್ಚಾಸ್ಪರ್ಧೆಗಳ ತೀರ್ಪುಗಾರರು, ಧಾರವಾಡ